ಬೀಗದ ಚಿಂತೆ

ಮೊದಲ ಸಲ ಒಬ್ಬಳೇ ಪ್ರವಾಸ ಹೊರಟಿದ್ದೆ. ಆಟೋ ಎನ್.ಆರ್. ಕಾಲೋನಿ ಬಿಟ್ಟು ಚಾಮರಾಜಪೇಟೆ ತಲುಪುವಷ್ಟರಲ್ಲಿ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಶುರುವಾಯಿತು. ಪ್ರವಾಸವೇ ಬೇಡವೆನಿಸಿತು.

"ವಾಪಸ್ ಹೋಗೋಣ, ನಾನು ಸ್ಟೇಷನ್‌ಗೆ ಬರಲ್ಲ," ಎಂದೆ.

ಕಾರಣ ಕೇಳಿ ಡ್ರೈವರ್ ಆಟೋ ತಿರುಗಿಸಿದರು. ಬೀಗ ಹಾಕಿಯೇ ಇತ್ತು. ನಾನು ಎಳೆದು ನೋಡಿದೆ. ಆಮೇಲೆ ಅವರೂ ಇಳಿದು ಬಂದು ಜೋರಾಗಿ ಜಗ್ಗಿದರು.

"ನಾನೂ ನೋಡಿದೀನಲ್ಲ ಮೇಡಂ? ಇನ್ಮೇಲೆ ಈ ಟೆನ್ಶನ್ ನಂದು. ಬೇಗ ಹತ್ತಿ, ಟ್ರೈನ್ ಹೊರಟ್ಬಿಡುತ್ತೆ."

ರೈಲು ಸಿಕ್ಕಿತು. ಹಂಪಿಯಲ್ಲಿ ಬೆಟ್ಟ ಹತ್ತುವಾಗ ಬೀಗ ಮತ್ತೆ ನೆನಪಾಯಿತು. ಆ ಚಿಂತೆ ಈಗ ಅವರದಲ್ಲವೇ ಎಂದುಕೊಂಡು ಮುಂದೆ ಹತ್ತಿದೆ. ಹೆಸರು ಕೇಳದಿದ್ದರೂ, ಪ್ರತಿ ಪ್ರವಾಸದಲ್ಲೂ ಅವರನ್ನು ನೆನೆಯುತ್ತೇನೆ.

ಗ್ಯಾಸ್ ಸಿಲಿಂಡರ್ ಆಫ್ ಮಾಡಿದೆನೋ ಇಲ್ಲವೋ ಎಂಬ ಚಿಂತೆಯನ್ನೂ ಅವತ್ತೇ ಅವರಿಗೆ ಹೇಳಿಬಿಡಬೇಕಿತ್ತು.