ಟಾವೆಲ್, ಟೋಪಿ, ಕಾಯಿ ಮತ್ತ ನಮ್ಮ ಅಣ್ಣಾನ ಕಡೀ ರಾಕ್ ಆಂಡ್ ರೋಲ್

ನಾನು ಒಂದು ಕಾಲಕ್ಕ ಡ್ರಮ್ ಬಾರಸ್ತಿದ್ದೆ ಅಂದ್ರ ನನ್ನ ಮಕ್ಳ ನಗ್ತಾವ. ನಗಲಿ. ಈಗ ನಾ ಸೊಲ್ಲಾಪುರ ಬಾಜೂಕಿನ ಚಿಂಚೋಳಿ ಎಂಐಡಿಸಿ, ಅಂದ್ರ ಕಾರಖಾನಿ ಏರಿಯಾದೊಳಗ ಒಂದು ಗೋಡೌನಿನ ಸುಪರ್‌ವೈಜರ್. ಹೊಟ್ಟಿ ಮುಂದ ಬಂದದ, ಕೂದ್ಲಾ ಹಿಂದ ಹೋಗ್ಯಾವ. ಆದ್ರ ಮೂವತ್ತು ವರ್ಷದ ಹಿಂದ ಸೊಲ್ಲಾಪುರದಾಗ ರಾಕ್ ಆಂಡ್ ರೋಲ್ ಹಾಡೋ ಮನಷ್ಯಾ ಒಬ್ಬನ ಇದ್ದ, ಅವನ ಹಿಂದ ಕೂತು ಬಾರಸೋನು ನಾನ.

ಅವನಿಗೆ ನಾವೆಲ್ಲಾ ಅಣ್ಣಾ ಅಂತಿದ್ವಿ. ನಮ್ಮ ಮೇ ತಿಂಗಳ ಬಿಸಲಿನ್ಯಾಗ ಚರ್ಮದ ಜಾಕೀಟ ಹಾಕ್ಕೊಂಡು ಗಿಟಾರ್ ಹಿಡದು ನಿಂತ್ರ, ಖರೇ ಹೇಳ್ತೀನಿ, ಮಂದಿ ಹಾಡಿಗಿಂತ ಆ ಜಾಕೀಟ ನೋಡಾಕ ಬರ್ತಿದ್ರು. ಮಂದ್ರೂಪದಾಗ ಒಮ್ಮೆ ಮಳಕಾಲ ಊರಿ ಜಾರ್ಕೋತ ಬಂದು, ಸ್ಟೇಜ್ ಮುಗದದ್ದು ನೋಡಲಾರದ, ಸೀದಾ ಸರಪಂಚರ ತೊಡಿ ಮ್ಯಾಲೆ ಹೋಗಿ ಕೂತಿದ್ದ. ಅದೂ ಸ್ಟೈಲ್ ಇರಬೇಕಂತ ಮಂದಿ ಶಿಳ್ಳಿ ಹೊಡದ್ರು. ಸರಪಂಚರೂ ಹೊಡದ್ರು.

ಆಮ್ಯಾಲೆ ಡಿಜೆ ಬಂತು, ನಮ್ಮ ಬ್ಯಾಂಡ್ ಹೋತು. ಅಣ್ಣಾ ಝೆರಾಕ್ಸ್ ಅಂಗಡಿ ಹಾಕ್ದ.

ಈ ವರ್ಷ ಒಂದಿನ ಫೋನ್ ಬಂತು.

"ಏ ತಮ್ಮಾ, ಜೀವಂತ ಅದಿಯೇನೋ?"

"ಅದೀನಿ ಅಣ್ಣಾ. ಡ್ಯೂಟಿ ಮ್ಯಾಲೆ ಅದೀನಿ."

"ಹಂಗಾರ ಅರ್ಧಾ ಸತ್ತಿ ಬಿಡು. ಡ್ರಮ್ ಒರಸಿ ಇಡು. ಕಡೀದೊಂದು ಪ್ರೋಗ್ರಾಮ್ ಮಾಡೂಣು."

ಸುದ್ದಿ ಏನಂದ್ರ, ಅವನ ಗಂಟಲದಾಗ ಗಂಟಾಗಿತ್ತು. ಮುಂದಿನ ವಾರ ಆಪರೇಶನ್. ಮಾತು ಉಳೀತದ, ಹಾಡು ಉಳ್ಯಾಂಗಿಲ್ಲ ಅಂತ ಡಾಕ್ಟರ್ ಹೇಳಿದ್ರು. ಈಗೂ ಅರ್ಧಾ ತಾಸು ಹಾಡಿದ್ರ ದನಿ ಹ್ಯಾಂಡ್‌ಪಂಪಿನಂಗ ಕಿರ್ ಅಂತಿತ್ತು.

ಅಣ್ಣಾ ಜೀವನದಾಗ ಒಂದ ಹಾಡು ಸ್ವಂತಾ ಬರದಿದ್ದ. ವೈನಿ ಮ್ಯಾಲೆ, ಅಂದ್ರ ತನ್ನ ಹೆಂಡ್ತಿ ಮ್ಯಾಲೆ, ಆಕಿನ್ನ ಮೊದಲ ಸಲ ಬಸ್ಸಿನ್ಯಾಗ ನೋಡಿದ ದಿನದ್ದು. ರಿಹರ್ಸಲ್‌ದಾಗ ನಾವು ಬಾರಸಿದ್ದಷ್ಟ, ಸ್ಟೇಜ್ ಮ್ಯಾಲೆ ಒಮ್ಮೆನೂ ಹಾಡಿದ್ದಿಲ್ಲ, ಯಾಕಂದ್ರ ಪಬ್ಲಿಕ್‌ಗೆ ಯಾವಾಗ್ಲೂ ಸಿನೆಮಾ ಹಾಡ ಬೇಕು. ವೈನಿನೂ ಒಂದೂ ಪ್ರೋಗ್ರಾಮಿಗೆ ಬಂದವರಲ್ಲ. "ನಾಲ್ಕು ಮಂದ್ಯಾಗ ಮಳಕಾಲ ಊರಿ ಒದ್ದಾಡೋ ಗಂಡನ್ನ ನಾ ಯಾಕ ನೋಡ್ಲಿ?" ಅಂತಿದ್ರು. ಈ ಸಲ ಡಾಕ್ಟರ್ ಮಾತು ಕೇಳಿ, ಬರ್ತೀನಿ ಅಂದಿದ್ರು. ಆ ಒಂದು ಹಾಡು ಆಕಿ ಮುಂದ ಆಗಬೇಕು, ಅಣ್ಣಾನ ತಲ್ಯಾಗ ಇದ್ದದ್ದು ಇಷ್ಟ.

ಅಕ್ಕಲಕೋಟದಾಗ ಒಂದು ಮಂಗಲ ಕಾರ್ಯಾಲಯ, ಅಂದ್ರ ಮದುವಿ ಹಾಲ್ ಸಿಕ್ತು. ಮಧ್ಯಾಹ್ನ ಮೂರರಿಂದ ಆರು. ಆರಕ್ಕ ಬ್ಯಾರೇವ್ರ ಅರಿಷಿಣದ ಕಾರ್ಯ ಇತ್ತು, ಅವರು ಬರೋದ್ರೊಳಗ ನಾವು ಖಾಲಿ ಮಾಡಬೇಕು. ಅಣ್ಣಾ ನಾಲ್ಕಕ್ಕ ಮೆಣಸಿನ ಕಷಾಯ ಕುಡ್ಯಾಂವ, ನಾಲ್ಕೂ ಕಾಲಿಗೆ ಹಾಡು ಸುರು ಮಾಡಾಂವ. ಕಷಾಯದ ಗುಣ ಒಂದು ತಾಸಷ್ಟ. ಎಲ್ಲಾ ಪಕ್ಕಾ.

ಒಂದ ಮರ್ತಿದ್ವಿ. ನಾವು ಸೊಲ್ಲಾಪುರ ಜಿಲ್ಲಾದವ್ರು. ನಮ್ಮಲ್ಲಿ ಸತ್ಕಾರ ಇಲ್ಲದ ಒಂದೂ ಕಾರ್ಯಕ್ರಮ ಸುರು ಆಗಂಗಿಲ್ಲ. ಕಾರ್ಯಾಲಯ ಪುಕ್ಕಟ ಕೊಟ್ಟವರಿಗೆ ಟಾವೆಲ್, ಟೋಪಿ, ಕಾಯಿ. ಖುರ್ಚಿ ಕೊಟ್ಟವರಿಗೆ ಟಾವೆಲ್, ಟೋಪಿ, ಕಾಯಿ. ಒಂದು ಹೆಸರು ಬಿಟ್ರ ಹತ್ತು ವರ್ಷ ಮಾರಿ ತಿರುಗಸ್ತಾರ. ಅದಕ್ಕ ನಾನ ಕೂತು ಯಾದಿ ಮಾಡಿದ್ದೆ. ಯಾದಿ ಓದಾಕ ಸಾಲಿಯಿಂದ ರಿಟೈರ್ ಆದ ಒಬ್ರು ಗುರುಜಿ. ಮೈಕ್ ಅವರ ಕೈಗೆ ಹೋದ್ರ ಕಸಗೋಬೇಕಷ್ಟ, ತಾವಾಗಿ ಬಿಡಂಗಿಲ್ಲ.

ನಾಲ್ಕಕ್ಕ ಅಣ್ಣಾ ಕಷಾಯ ಕುಡದ. ಗುರುಜಿ ಆಗಿನ್ನೂ ಮೂರನೇ ಹೆಸರಿಗೆ ಬಂದಿದ್ರು.

ಅದರಾಗ ಸತ್ಕಾರ ಮಾಡಿಸ್ಕೊಂಡವ್ರೆಲ್ಲಾ ತಿರುಗಿ ಅಣ್ಣಾಗ ಸತ್ಕಾರ ಮಾಡಾಕ ಸುರು ಮಾಡಿದ್ರು! ಅವರೂ ಮನಿಯಿಂದ ಟಾವೆಲ್, ಟೋಪಿ ತಂದಿದ್ರು. ಕರೀ ಜಾಕೀಟ, ಕೊಳ್ಳಾಗ ಏಳೆಂಟು ಟಾವೆಲ್, ತಲಿ ಮ್ಯಾಲೆ ಬಿಳೀ ಟೋಪಿ. ಒಬ್ರು ಬಂದು ಹಳೀದು ತಗದು ಹೊಸಾದು ಇಡೋರು. ಅಣ್ಣಾ ಮುಂಜಾನೆ ಕೂದಲಿಗೆ ಬಣ್ಣಾ ಹಚ್ಚಿದ್ದ, ಶೆಕಿಗೆ ಅದು ಇಳೀತಿತ್ತು. ತಗದ ಪ್ರತಿ ಟೋಪಿಗೂ ಒಳಗ ಕರೀ ಅಂಚು.

"ಗುರುಜಿ, ಸಾಕು ಮಾಡ್ರಿ. ಗಂಟಲಾ ಆರಾಕತ್ತದ," ಅಂದ ಅಣ್ಣಾ.

"ಆತು, ಆತು. ಇನ್ನ ಐದ ಹೆಸರು. ಆಮ್ಯಾಲೆ ನನ್ನ ಎರಡು ಶಬ್ದ."

ಗುರುಜಿಯ ಎರಡು ಶಬ್ದಕ್ಕ ಹದಿನೈದು ಮಿನಿಟು ಹೋತು. ಕಡೀಕ ವೈನಿನ್ನ ಸ್ಟೇಜ್ ಮ್ಯಾಲೆ ಕರದು ಹೆಣ್ಮಕ್ಳು ಉಡಿ ತುಂಬಿದ್ರು. ಅಕ್ಕಿ, ಖಣ, ಕಾಯಿ. ವೈನಿ ಎರಡೂ ಕೈಯಿಂದ ಸೆರಗು ಹಿಡ್ಕೊಂಡು ಅಲ್ಲೇ ಖುರ್ಚಿ ಮ್ಯಾಲೆ ಕೂತ್ರು. ಆಗ ಐದೂವರಿ.

ಅಣ್ಣಾ ನನ್ನ ಕಡೆ ತಿರುಗಿ ಅಂದ, "ಸಿನೆಮಾ ಹಾಡೆಲ್ಲಾ ಕ್ಯಾನ್ಸಲ್. ಸೀದಾ ನಮ್ದ ಹೊಡಿ."

ಆ ಹಾಡಿನ್ಯಾಗ ನನ್ನ ಕೆಲಸ ಕಂಡಕ್ಟರಂದು. ಬಸ್ಸಿನ ಗಂಟಿಯಂಗ ಡ್ರಮ್ಮಿನ ಕಂಚಿನ ತಾಟು ಬಡೀಬೇಕು. ನಿಲ್ಲಾಕ ಒಂದು ಟಣ್, ಹೊಂಡಾಕ ಎರಡು. ಬಡದೆ, ಟಣ್ ಟಣ್. ಅಣ್ಣಾ ಗಿಟಾರ್ ಎತ್ತಿ ಸುರು ಮಾಡ್ದ:

"ಮಂದ್ರೂಪ ಬಸ್ಸಿನ ಖಿಡಕ್ಯಾಗ
ಮಿಂಚಿತೊಂದು ಮೂಗಬಟ್ಟ..."

ಮೈಕ್ ಬಂದ್.

ನೋಡಿದ್ರ ಸೌಂಡ್ ಸಿಸ್ಟಮ್‌ನಾಂವ ಸ್ವಿಚ್ ತಗದು ಕೈ ಕಟ್ಕೊಂಡು ಕೂತಾನ. ನಾ ಓಡಿದೆ.

"ಏನಾತೋ ಮಾರಾಯಾ?"

"ಏನಿಲ್ರಿ. ಖುರ್ಚಿಯಾಂವಗ ಟೋಪಿ, ಪಡದೆ ಕಟ್ಟಿದಾಂವಗ ಟೋಪಿ. ನಾ ಏನು ನಿಮ್ಮ ಕಣ್ಣಿಗೆ ಕಾಣ್ಸಂಗಿಲ್ಲ?"

ಯಾದಿ ತಗದು ನೋಡಿದೆ. ಇಲ್ಲ. ಎಲ್ಲಾರ್ದೂ ಅದ, ಇವಂದ ಇಲ್ಲ. ಗೋಡೌನಿನ್ಯಾಗ ನನ್ನ ಯಾದಿ ಇಷ್ಟು ವರ್ಷದಾಗ ಒಮ್ಮೆನೂ ತಪ್ಪಿಲ್ಲ ನೋಡ್ರಿ, ತಪ್ಪಾಕ ಇಲ್ಲೇ ಬರಬೇಕಿತ್ತೇನು!

ಅಣ್ಣಾ ಸ್ಟೇಜ್ ಇಳದು ಬಂದು ತನ್ನ ಕೊಳ್ಳಾಗಿಂದು ಟಾವೆಲ್ ಅವಗ ಹೊಚ್ಚಿದ, ತನ್ನ ತಲಿ ಮ್ಯಾಲಿಂದು ಟೋಪಿ ಅವನ ತಲಿಗಿಟ್ಟ, ಕೈಯಾಗ ಕಾಯಿ ಕೊಟ್ಟ, ಮ್ಯಾಲೆ ಕೈ ಮುಗದ. ಆ ಪುಣ್ಯಾತ್ಮ ಟೋಪಿ ತಗದು ಒಳಗ ನೋಡ್ದ.

"ಇದಕ್ಕೇನು ಹತ್ಯದ್ರಿ?"

"ಕಲಾವಿದಂದು ಬೆವರು ಅದು. ಹಾಕ್ಕೋ ಸುಮ್ನ," ಅಂದೆ.

ಮೈಕ್ ಚಾಲೂ. ಅಷ್ಟೊತ್ತಿಗೆ ಐದೂ ಮುಕ್ಕಾಲು. ಬಾಗಲದಾಗ ಅರಿಷಿಣದವ್ರು ಹರವಿ, ಹೂವಿನ ಬುಟ್ಟಿ ಹಿಡ್ಕೊಂಡು ಬಂದು ನಿಂತಿದ್ರು. ಅಣ್ಣಾ ಮೊದಲಿಂದ ಹಿಡದ. ಮೂಗಬಟ್ಟಿನ ತನಕ ಬಂದ. ಮುಂದ ದನಿ ಮ್ಯಾಲೆ ಏರಬೇಕು. ಬಾಯಿ ತೆರದ. ಹ್ಯಾಂಡ್‌ಪಂಪು. ಇನ್ನೊಮ್ಮೆ ತೆರದ. ಅದೂ ಬರಲಿಲ್ಲ, ಬರೇ ಗಾಳಿ.

ನಾ ಏನು ಮಾಡ್ಲಿ? ಗೊತ್ತಿದ್ದದ್ದು ಒಂದ. ಟಣ್. ಬಸ್ ನಿಲ್ಲಿಸ್ದೆ.

ಅಣ್ಣಾ ಗಿಟಾರ್ ಮ್ಯಾಲೆ ಕೈ ಇಟ್ಕೊಂಡು ನೆಲಾ ನೋಡಾಕತ್ತಿದ್ದ. ಬಣ್ಣದ ಒಂದು ಗೆರಿ ಕಿವಿ ಮುಂದ ಇಳದು ಬಂದಿತ್ತು. ನನಗ ನಗೂನೂ ಬಂತು, ಕಣ್ಣಾಗ ನೀರೂ ಬಂತು, ಎರಡೂ ಕೂಡೇ.

ಆಗ ವೈನಿ ಅಂದ್ರು, "ಗುರುಜಿ, ಆ ಮೈಕ್ ಇಲ್ಲಿ ಹಿಡೀರಿ. ನನ್ನ ಕೈಯಾಗ ಉಡಿ ಅದ."

ಗುರುಜಿ ಹಿಡದು ನಿಂತ್ರು. ಜೀವನದಾಗ ಮೊದಲನೇ ಸಲ ಮೈಕ್ ಹಿಡದೂ ಮಾತಾಡಲಾರದ ನಿಂತಿದ್ರು.

ವೈನಿ ಹಾಡಲಿಲ್ರಿ. ಹಾಲಿನವನಿಗೆ ನಾಳೆ ಅರ್ಧಾ ಲೀಟರ್ ಸಾಕು ಅಂತ ಹೇಳ್ತಾರಲ್ಲ, ಆ ದನಿಯಾಗ ಅಂದ್ರು:

"ಡ್ರೈವರ್ ಮಾಮಾ ಬ್ರೇಕ್ ಹಾಕೋ, ನನ್ನ ಜೀವಾ ಹೊಂಟದ ನನ್ನ ಬಿಟ್ಟ."

ಅಣ್ಣಾ ಹೌಹಾರಿ ನೋಡ್ದ.

"ಏನ್ ನೋಡ್ತೀರಿ? ಬಚ್ಚಲದಾಗ ನಳಾ ಬಿಟ್ಕೊಂಡು ಮೂವತ್ತು ವರ್ಷ ಹಾಡೀರಿ. ನಾ ಏನು ಕಿವುಡಿ? ಗಿಟಾರ್ ಬಾರಸ್ರಿ, ಮುಂದಿಂದು ಹೇಳ್ತೀನಿ."

ಅಣ್ಣಾ ಬಾರಿಸ್ದ. ಹೆಂಗ ಬಾರಿಸ್ದ ಅಂತೀರಿ! ವೈನಿ ಒಂದೊಂದು ಸಾಲು ಹೇಳೋರು, ನಾ ಟಣ್ ಅನಸ್ತಿದ್ದೆ, ಅಣ್ಣಾ ತಂತಿ ಮ್ಯಾಲೆ ಕುಣೀತಿದ್ದ. ಕಡೀ ಸಾಲಿಗೆ ಮಳಕಾಲ ಊರಾಕ ಹೋದ. ಊರಿದ, ಮತ್ತ ಏಳಾಕ ಬರಲಿಲ್ಲ. ಅರಿಷಿಣದವ್ರಾಗಿನ ಇಬ್ರು ಗಂಡಸ್ರು ಬಂದು ಎತ್ತಿದ್ರು. ಇಡೀ ಹಾಲ್ ಶಿಳ್ಳಿ. ಗುರುಜಿ ಬರೋಬ್ಬರಿ ಅದ ಹೊತ್ತಿಗೆ ಬಾಯಿ ತೆರದ್ರು: "ಈಗ ಆಭಾರ ಪ್ರದರ್ಶನ, ಅಂದ್ರ ವಂದನಾರ್ಪಣಿ..." ಸೌಂಡಿನಾಂವ, ಕರೀ ಅಂಚಿನ ಟೋಪಿ ಹಾಕ್ಕೊಂಡವ, ತಾನಾಗೇ ಸ್ವಿಚ್ ತಗದ. ಅವನಿಗೆ ಇನ್ನೊಂದು ಸತ್ಕಾರ ಮಾಡಬೇಕಿತ್ತು.

ತಿರುಗಿ ಸೊಲ್ಲಾಪುರಕ್ಕ ನನ್ನ ಗಾಡ್ಯಾಗ ಬಂದ್ವಿ. ವೈನಿ ಮುಂದ, ಅಣ್ಣಾ ಹಿಂದ, ಕಾಯಿ ಟಾವೆಲ್ ನಡುವ. ಸ್ವಲ್ಪ ದೂರ ಬಂದ ಮ್ಯಾಲೆ ವೈನಿ ಅಂದ್ರು, "ಹಾಡಿನ್ಯಾಗ ಒಂದು ತಪ್ಪದ. ಆವಾಗ ನನ್ನ ಮೂಗ ಚುಚ್ಚಿಸಿದ್ದ ಇಲ್ಲ. ಆ ಬಸ್ಸಿನ ಖಿಡಕ್ಯಾಗ ಕೂತಾಕಿ ನಮ್ಮಕ್ಕ. ನಾ ಆಕಿ ಬಾಜೂಕ, ಆಚಿ ಕಡೆ ಇದ್ದೆ."

ಅಣ್ಣಾ ಹಿಂದಿಂದ ಬಾಯಿ ತೆರದ. ವೈನಿ ಕೈಯಾಗಿನ ಬಳಿಯಿಂದ ಗಾಡಿ ಗಾಜಿಗೆ ಒಂದು ಸಲ ಬಡದ್ರು, ಟಣ್. "ಗಂಟಲಕ್ಕ ಆರಾಮ ಕೊಡ್ರಿ." ಅಣ್ಣಾ ಬಾಯಿ ಮುಚ್ಚಿದ.

ವಳಸಂಗ ಊರು ದಾಟಿತು. ಆಮ್ಯಾಲೆ ವೈನಿ ತಾವ ಎರಡು ಸಲ ಬಡದ್ರು, ಟಣ್ ಟಣ್.

"ಹೂಂ, ಈಗ ಹೇಳ್ರಿ. ಮೂವತ್ತು ವರ್ಷ ನಮ್ಮಕ್ಕನ ಮೂಗಿನ ಮ್ಯಾಲೆ ಹಾಡಿದಿರೇನು?"