ಎಲ್ಲದಕ್ಕೂ ವೈ

ಎಂಬತ್ತರ ದಶಕದ ಕೊನೆಯ ಒಂದು ಸೋಮವಾರ ಬೆಳಿಗ್ಗೆ ಹರಿಹರದ ಕಾರ್ಖಾನೆಯ ಟೂಲ್ ಸ್ಟೋರಿನಲ್ಲಿ ಕಂಪ್ಯೂಟರಿನ ಸ್ವಿಚ್ ಒತ್ತಿ ಕೂತವನು ಹಾಗೇ ಕೂತುಬಿಟ್ಟೆ. ಪರದೆಯ ಮೇಲೆ ನನ್ನ ಎಂಟು ಸಾಲುಗಳು ಇರಲಿಲ್ಲ. ಮೂರು ವರ್ಷ ದಿನಾ ನೋಡಿದ ಆ ಹಸಿರು ಸಾಲುಗಳ ಜಾಗದಲ್ಲಿ ಯಾವುದೋ ಚೌಕಟ್ಟು, ಅದರೊಳಗೆ ಸಣ್ಣಕ್ಷರದ ಬರಹ, ಕೆಳಗೆ ಮಿಣುಕುವ ಒಂದು ಗೆರೆ. ಕಿಟಕಿಯ ಆಚೆ ಬೆಳಗಿನ ಪಾಳಿಯವರು ತಂತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಹಿಡಿದು ಸಾಲಾಗಿ ನಿಂತಿದ್ದರು. ಅವರು ಬಿಲ್ಲೆ ಕೊಟ್ಟು ಡ್ರಿಲ್ಲನ್ನೋ ಕಟರನ್ನೋ ಒಯ್ಯುತ್ತಾರೆ, ಪಾಳಿ ಮುಗಿದಾಗ ಹಿಂದಿರುಗಿಸುತ್ತಾರೆ. ಯಾರು ಏನು ಒಯ್ದರು, ಏನು ತಂದರು ಎಂಬುದನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ.

ಕಂಪ್ಯೂಟರ್ ರೂಮಿನ ಹುಡುಗಿ ಬಂದಳು. ಭಾನುವಳ್ಳಿಯವಳು, ಮೊದಲ ಬಸ್ಸಿಗೆ ಹರಿಹರಕ್ಕೆ ಬರುವವಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ, ಕಾಯಂ ಆಗಿರಲಿಲ್ಲ.

"ಆಪರೇಟಿಂಗ್ ಸಿಸ್ಟಂ, ಸ್ಟೋರಿನ ಪ್ರೋಗ್ರಾಂ ಎರಡೂ ಹೊಸವು ಹಾಕೀವ್ರಿ ಮೇಸ್ತ್ರಿ. ನಿನ್ನೆ ಭಾನುವಾರ ಇಡೀ ದಿನ ಅದೇ ಕೆಲಸ. ಹಳೇದು ಇನ್ ಸಿಗಂಗಿಲ್ಲ. ಹೆದರಬ್ಯಾಡ್ರಿ, ಅದು ಏನ್ ಕೇಳ್ತೈತೋ ಓದಿ ಉತ್ತರ ಒತ್ತಿದ್ರೆ ಆತು."

ಓದಿ ಉತ್ತರ ಒತ್ತಬೇಕು! ನನಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆ ಸಂಗತಿ ಕಾರ್ಖಾನೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ನಮ್ಮದು ದಾವಣಗೆರೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿ ಅಪ್ಪನ ಹಿಂದೆ ವರ್ಕ್‌ಶಾಪಿಗೆ ಹೋದವನು ನಾನು. ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೇ ಪುಟದ ತನಕ ಓದುತ್ತಿದ್ದೆ, ಹಿಡಿಸದಿದ್ದರೆ ಪೇಪರಿನವರನ್ನು ಬೈಯುತ್ತಲೂ ಇದ್ದೆ. ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಮಷೀನಿನ ಡ್ರಾಯಿಂಗುಗಳಲ್ಲಿ ಕಂಡು ಕಂಡು ಒಂದೊಂದಾಗಿ ಗುರುತಿದ್ದವು. ಅವನ್ನು ಕೂಡಿಸಿದರೆ ಏನಾಗುತ್ತದೆ ಎಂಬುದು ಗೊತ್ತಿರಲಿಲ್ಲ.

ಅದಕ್ಕೂ ಮೂರು ವರ್ಷ ಮೊದಲು ಮಿಲ್ಲಿಂಗ್ ಮಷೀನಿನಲ್ಲಿ ನನ್ನ ಎಡಗೈಯ ಎರಡು ಬೆರಳು ಹೋದವು. ಗಾಯ ಮಾಗಿದ ಮೇಲೆ ಎಂಜಿನಿಯರು ಕರೆಸಿದರು. ಅವರು ಮೈಸೂರು ಕಡೆಯವರು, ವಿದ್ಯಾನಗರದಲ್ಲಿ ಮನೆ ಮಾಡಿಕೊಂಡಿದ್ದರು.

"ಟೂಲ್ ಸ್ಟೋರಿಗೆ ಕಂಪ್ಯೂಟರ್ ಬರ್ತಾ ಇದೆ. ಟೂಲು ಗೊತ್ತಿರೋರೇ ಅಲ್ಲಿ ಬೇಕು. ಇಂಗ್ಲಿಷ್ ಓದ್ತೀರಲ್ಲ?" ಎಂದರು.

ಇಲ್ಲ ಎಂದರೆ ಅಂಗಳದಲ್ಲಿ ಕಬ್ಬಿಣದ ಚೂರು ಗುಡಿಸುವ ಕೆಲಸ. ಇಪ್ಪತ್ತು ವರ್ಷ ಮೇಸ್ತ್ರಿ ಅನ್ನಿಸಿಕೊಂಡವನು ಪೊರಕೆ ಹಿಡಿಯಲೇ? "ಓದ್ತೀನಿ ಸಾರ್" ಎಂದುಬಿಟ್ಟೆ.

ಆಮೇಲೆ ಹೇಗೆ ನಿಭಾಯಿಸಿದೆ ಎಂದು ಕೇಳಬಹುದು. ಟೂಲ್ ಸ್ಟೋರಿನ ಗೋಡೆಗೆ ಒಂದು ದೊಡ್ಡ ಹಲಗೆ ಇರುತ್ತದೆ. ಸ್ಪ್ಯಾನರು ನೇತುಹಾಕುವ ಜಾಗದಲ್ಲಿ ಸ್ಪ್ಯಾನರಿನದೇ ಆಕಾರ, ಸುತ್ತಿಗೆಯ ಜಾಗದಲ್ಲಿ ಸುತ್ತಿಗೆಯದೇ ಆಕಾರ ಕಪ್ಪು ಬಣ್ಣದಲ್ಲಿ ಬರೆದಿರುತ್ತಾರೆ. ಹೆಸರು ಓದುವ ಗೋಜೇ ಇಲ್ಲ. ಖಾಲಿ ಆಕಾರ ಕಂಡರೆ ಯಾವುದು ಹೊರಗೆ ಹೋಗಿದೆ ಎಂದು ಗೊತ್ತಾಗುತ್ತದೆ. ನಾನು ಕಂಪ್ಯೂಟರ್ ಪರದೆಯನ್ನೂ ಹಾಗೇ ನೋಡಿದೆ. ಮೇಲಿನಿಂದ ಎರಡನೆಯ ಗಿಡ್ಡ ಸಾಲು ಎಂದರೆ ಟೂಲು ಕೊಡುವುದು, ಮೂರನೆಯ ಉದ್ದ ಸಾಲು ಎಂದರೆ ವಾಪಸು ಪಡೆಯುವುದು. ಬಿಲ್ಲೆಯ ನಂಬರು, ಟೂಲಿನ ನಂಬರು ಹಾಕಬೇಕು. ಕೊನೆಗೆ ಅದು ಏನೋ ಒಂದು ಪ್ರಶ್ನೆ ಕೇಳುತ್ತಿತ್ತು, ವೈ ಒತ್ತಬೇಕು. ವೈ ಎಂದರೆ ಹೌದು, ಎನ್ ಎಂದರೆ ಇಲ್ಲ ಎಂದು ಯಾರೋ ಹೇಳಿದ್ದರು. ಮೂರು ವರ್ಷದಲ್ಲಿ ಎನ್ ಒತ್ತುವ ಪ್ರಸಂಗವೇ ಬರಲಿಲ್ಲ.

ಓಣಿಯಲ್ಲಿ ನನ್ನ ಬೆಲೆ ಏರಿತ್ತು. ಯಾರಿಗಾದರೂ ತಂತಿ ಬಂದರೆ ಓದಿಸಲು ನನ್ನ ಹತ್ತಿರ ತರುತ್ತಿದ್ದರು. ಕನ್ನಡಕ ಫ್ಯಾಕ್ಟರಿಯಲ್ಲೇ ಬಿಟ್ಟು ಬಂದೆ ಅನ್ನುತ್ತಿದ್ದೆ. ಆಗ ನನಗೆ ಕನ್ನಡಕವೇ ಇರಲಿಲ್ಲ.

ಹೊಸ ಸಿಸ್ಟಂ ನನ್ನ ಹಲಗೆಯನ್ನು ಒಂದೇ ದಿನದಲ್ಲಿ ಅಳಿಸಿಹಾಕಿತು. ಸಾಲುಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ, ಒಂದು ಪುಟದಲ್ಲಿ ಮೇಲಿದ್ದದ್ದು ಇನ್ನೊಂದರಲ್ಲಿ ಕೆಳಗೆ. ದೊಡ್ಡಕ್ಷರ ಹೋಗಿ ಸಣ್ಣಕ್ಷರ ಬಂದಿತ್ತು. ಒಂದು ಪ್ರಶ್ನೆಯ ಜಾಗದಲ್ಲಿ ಮೂರು ನಾಲ್ಕು ಪ್ರಶ್ನೆ. ಕಾರ್ಖಾನೆಯಲ್ಲಿ ಗೊಣಗದವರೇ ಇರಲಿಲ್ಲ. ಡಿಸ್ಪ್ಯಾಚಿನವರು, ಟೈಮ್ ಆಫೀಸಿನವರು, ಎಲ್ಲರೂ. ಅವರಲ್ಲಿ ಹೆಚ್ಚು ಕೂಗಾಡಿದವನು ನಾನೇ. "ಹಳೇದಕ್ಕೆ ಏನ್ ಬ್ಯಾನಿ ಬಂದಿತ್ತು? ನೆಟ್ಟಗಿರೋದನ್ನ ಯಾಕ ಕೆಡಿಸ್ತೀರಿ?" ಎಂದು ಕ್ಯಾಂಟೀನಿನಲ್ಲಿ ಟೇಬಲ್ ಗುದ್ದಿದೆ. ಜನ ತಲೆದೂಗಿದರು. ನನ್ನ ಸಿಟ್ಟಿನ ಹಿಂದೆ ಹೆದರಿಕೆ ಇರುವುದು ಯಾರಿಗೂ ಕಾಣಲಿಲ್ಲ.

ಸೋಲುವ ಜಾಯಮಾನ ನನ್ನದಲ್ಲ. ನೋಟ್‌ಬುಕ್ ತಂದು, ಪರದೆಯ ಮೇಲೆ ಬಂದ ಬರಹವನ್ನೆಲ್ಲ ಚಿತ್ರ ಬರೆದ ಹಾಗೆ ಬರೆದುಕೊಂಡೆ. ಹರಿಹರದಿಂದ ದಾವಣಗೆರೆಗೆ ಹೋಗುವ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಪಾಠ ಮಾಡಿದೆ. ಟೂಲು ಕೊಡುವುದು ಮಂಗಳವಾರದ ಹೊತ್ತಿಗೆ ಕೈಗೆ ಹತ್ತಿತು. ವಾಪಸು ಪಡೆಯುವಾಗ ಬರುವ ಪ್ರಶ್ನೆಗಳು ಮಾತ್ರ ನನ್ನ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದವು. ಎಲ್ಲದಕ್ಕೂ ವೈ ಒತ್ತಿದೆ. ಕಂಪ್ಯೂಟರು ತಕರಾರಿಲ್ಲದೆ ಮುಂದೆ ಹೋಯಿತು. ಬುಧವಾರ ಇಡೀ ಪಾಳಿಯ ಟೂಲುಗಳನ್ನು ಹಾಗೇ ವಾಪಸು ಪಡೆದು, ಗೆದ್ದೆ ಅಂದುಕೊಂಡು ಮನೆಗೆ ಹೋದೆ.

ಗುರುವಾರ ಬೆಳಿಗ್ಗೆ ಮಷೀನ್ ಶಾಪಿನಲ್ಲಿ ದೊಡ್ಡ ರಾದ್ಧಾಂತ. ಹೊಸ ಸಿಸ್ಟಂ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದು, ಟೂಲು ಮುರಿದಿದೆಯೇ ಎಂದು. ನಾನು ಹೌದು ಹೌದು ಎನ್ನುತ್ತಾ ಹೋಗಿದ್ದೆ. ಬುಧವಾರ ವಾಪಸು ಬಂದ ಪ್ರತಿಯೊಂದು ಡ್ರಿಲ್ಲು, ಪ್ರತಿಯೊಂದು ಕಟರು ಮುರಿದದ್ದೆಂದು ಉದ್ದನೆಯ ಕಾಗದದಲ್ಲಿ ಪ್ರಿಂಟಾಗಿ ಬಂದಿತ್ತು. ಟೂಲು ಮುರಿದವನು ಫೋರ್‌ಮನ್ನಿಗೆ ಬರೆದು ಉತ್ತರ ಕೊಡಬೇಕು, ಅದು ಅವನ ಸರ್ವಿಸಿಗೆ ಕಪ್ಪುಚುಕ್ಕೆ. ಅರ್ಧ ಶಾಪು ನನ್ನ ಕಿಟಕಿಗೆ ಬಂದು ಮುತ್ತಿತು. ಒಬ್ಬನಂತೂ ತೂತು ನುಣುಪು ಮಾಡುವ ಹೊಳೆಯುವ ರೀಮರನ್ನು ನನ್ನ ಮೂಗಿನ ಮುಂದೆ ಹಿಡಿದು, "ಎಲ್ಲಿ ಮುರದೈತ್ರಿ, ತೋರಿಸ್ರಿ!" ಎಂದ.

ಎಂಜಿನಿಯರು ನನ್ನನ್ನೂ ಆ ಹುಡುಗಿಯನ್ನೂ ತಮ್ಮ ರೂಮಿಗೆ ಕರೆಸಿದರು. ಅವಳು ಕಾಗದ ನೋಡಿ ನನ್ನ ಕಡೆ ತಿರುಗಿದಳು.

"ಮೇಸ್ತ್ರಿ, ಮುರದೈತೇನು ಅಂತ ಕೇಳ್ತೈತಲ್ರಿ, ಅದನ್ನ ಓದಿ ತಾನೇ ಒತ್ತಿದ್ದು?"

"ಓದೇ ಒತ್ತೀನಿ," ಎಂದೆ. "ಅಲ್ಲಿ ಬ್ಯಾರೆ ಏನೋ ಕೇಳಿತ್ತು."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಎಂಜಿನಿಯರು ಅವಳನ್ನು ನೋಡಿದರು. "ಹಾಗಾದರೆ ನೀವು ಹಾಕಿದ್ದರಲ್ಲೇ ತಪ್ಪಿದೆ. ಮೂರು ವರ್ಷ ಒಂದೂ ತಪ್ಪು ಮಾಡದ ಮೇಸ್ತ್ರಿ ಇವರು. ಸೋಮವಾರದಿಂದ ನೀವು ಡಿಸ್ಪ್ಯಾಚ್ ಸೆಕ್ಷನ್ನಿಗೆ ಹೋಗಿ. ಕಾಯಂ ಮಾಡೋ ವಿಚಾರ ಆಮೇಲೆ ನೋಡೋಣ." ಅವಳು ಆ ಕಾಗದವನ್ನು ಮಡಚಲು ಹೋದಳು, ಮಡಿಕೆ ಸರಿಯಾಗಿ ಕೂರಲೇ ಇಲ್ಲ.

ಅವತ್ತು ಸಂಜೆ ರೈಲಿನಲ್ಲಿ ನೋಟ್‌ಬುಕ್ ಹೊರಗೆ ತೆಗೆಯಲಿಲ್ಲ. ಮನೆಯಲ್ಲಿ ಮುಂದಿಟ್ಟ ತಟ್ಟೆಯನ್ನು ಹಾಗೇ ಸರಿಸಿ ಎದ್ದೆ. "ಏನಾಯ್ತು?" ಎಂದು ಹೆಂಡತಿ ಕೇಳಿದ್ದಕ್ಕೆ ಅವಳ ಮೇಲೇ ರೇಗಿದೆ. ನನಗೆ ನಾಚಿಕೆಯಾಗಿತ್ತು. ಇಂಗ್ಲಿಷ್ ಬಾರದ್ದಕ್ಕಲ್ಲ. ಭಾನುವಳ್ಳಿಯಿಂದ ಕತ್ತಲಲ್ಲೇ ಎದ್ದು ಬಸ್ಸು ಹಿಡಿದು ಬರುವ ಆ ಹುಡುಗಿಯ ಮುಂದೆ ನಾನು ಗೋಡೆಯ ಹಾಗೆ ನಿಂತಿದ್ದಕ್ಕೆ. ಬಾಯಿ ಬಿಟ್ಟರೆ ನನ್ನ ಕಿಟಕಿ ಹೋಗುತ್ತದೆ, ಬಿಡದಿದ್ದರೆ ಅವಳ ಕೆಲಸ ಹೋಗುತ್ತದೆ. ಇದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ, ಆದರೂ ಬೆಳಗಿನ ತನಕ ಯೋಚಿಸಿದೆ.

ಶುಕ್ರವಾರ ಪಾಳಿ ಶುರುವಾಗುವ ಮೊದಲೇ ಎಂಜಿನಿಯರ ರೂಮಿಗೆ ಹೋದೆ. ಅವಳನ್ನೂ ಕರೆಸಿರಿ ಎಂದೆ. ಅವಳು ಬಂದ ಮೇಲೆ ಹೇಳಿದೆ: "ತಪ್ಪು ಈಯಮ್ಮಂದಲ್ಲ ಸಾರ್, ಕಂಪ್ಯೂಟರಿಂದೂ ಅಲ್ಲ. ನನಗೆ ಇಂಗ್ಲಿಷ್ ಓದಾಕ ಬರಂಗಿಲ್ಲ. ಮೊದಲಿಂದಾನೂ ಬರಂಗಿಲ್ಲ."

ಎಂಜಿನಿಯರು "ಮೂರು ವರ್ಷ?" ಎಂದರು.

"ಮೂರು ವರ್ಷ."

ಹುಡುಗಿ ನನ್ನನ್ನು ಹೊಗಳಿಯಾಳು, ಹೋಗಲಿ ಬಿಡಿ ಅಂದಾಳು ಎಂದು ಒಳಗೊಳಗೇ ಆಸೆಯಿತ್ತು. ಅವಳ ಮುಖ ಕೆಂಪಾಗಿತ್ತು. "ನಿನ್ನೆ ನಾ ಇಲ್ಲಿ ಬೈಸಿಕೊಳ್ಳಾಗ ಪಕ್ಕದಾಗೇ ನಿಂತಿದ್ರಲ್ರಿ ಮೇಸ್ತ್ರಿ" ಎಂದಳು. ಅಷ್ಟೇ. ಎರಡೂ ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಅವಳ ಡಿಸ್ಪ್ಯಾಚ್ ವರ್ಗಾವಣೆಯೂ ಮುರಿದ ಟೂಲುಗಳ ಆ ಪಟ್ಟಿಯೂ ಅಲ್ಲಿಗೇ ರದ್ದಾದವು. ನನಗೆ ಅಂಗಳ. ನಾನು ಜಾಗ ಬಿಟ್ಟು ಕದಲಲಿಲ್ಲ. "ಹದಿನೈದು ದಿನ ಕೊಡ್ರಿ ಸಾರ್. ಹಗಲೆಲ್ಲ ಗುಡಿಸ್ತೀನಿ. ಅಷ್ಟರಾಗ ಆ ಪ್ರಶ್ನೆಗಳನ್ನ ಓದಾಕ ಕಲೀತೀನಿ. ಕಲೀಲಿಲ್ಲ ಅಂದ್ರೆ ಪೊರಕೆ ನನ್ನ ಕೈಯಾಗೇ ಇರ್ಲಿ."

"ಸರಿ. ಹದಿನಾರನೇ ದಿನ ನಾನೇ ಬಂದು ನಿಮ್ಮ ಹಿಂದೆ ನಿಲ್ತೀನಿ" ಎಂದರು ಎಂಜಿನಿಯರು. ಅಷ್ಟು ದಿನ ಕಿಟಕಿ ನೋಡಿಕೊಳ್ಳುವುದು ಆ ಹುಡುಗಿಯ ಪಾಲಿಗೆ ಬಂತು. ಕಲಿಸು ಎಂದು ಕೇಳಬೇಕಾದದ್ದೂ ಅವಳನ್ನೇ! ಸಂಕೋಚ ಬದಿಗಿಟ್ಟು ಕೇಳಿದೆ.

"ಊಟದ ಹೊತ್ತಿನಾಗ ಅರ್ಧ ತಾಸು ಬರ್ರಿ. ಆದರೆ ಸಿಟ್ಟು ಮಾಡಂಗಿಲ್ಲ" ಎಂದಳು.

ಸಿಟ್ಟು ಮಾಡದೆ ಕಲಿಯುವುದು ಇಂಗ್ಲಿಷಿಗಿಂತ ಕಷ್ಟವಾಯಿತು. ಒಂದು ಅಕ್ಷರ ಇಲ್ಲಿ ಒಂದು ಥರ, ಅಲ್ಲಿ ಇನ್ನೊಂದು ಥರ ಉಚ್ಚಾರ. ಕೆಲವು ಅಕ್ಷರ ಸುಮ್ಮನೆ ನಿಂತಿರುತ್ತವೆ, ಬಾಯೇ ಬಿಡುವುದಿಲ್ಲ. "ಕೆಲಸ ಮಾಡದ ಅಕ್ಷರಾನ ಯಾಕ ಇಟ್ಕಂಡಾರೆ?" ಎಂದು ಕೂಗಿದರೆ ಅವಳು ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದಳು. ಮರುದಿನ ತೆಪ್ಪಗೆ ಹೋಗಿ ಕೂರುತ್ತಿದ್ದೆ. ಅಂಗಳದಲ್ಲಿ ಗುಡಿಸುವಾಗ ಮರದ ಪೆಟ್ಟಿಗೆಗಳ ಮೇಲಿನ ಬರಹವನ್ನು ಅಕ್ಷರ ಅಕ್ಷರವಾಗಿ ಕೂಡಿಸುತ್ತಿದ್ದೆ. ಹಳೇ ದೋಸ್ತರು ಹೋಗುತ್ತಾ ಬರುತ್ತಾ ನಕ್ಕರು. ನಗಲಿ ಬಿಡು ಅಂದುಕೊಂಡೆ. ಒಂದು ಸಂಜೆ ಹರಿಹರ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ನಿಂತಾಗ ಫಲಕ ಕಣ್ಣಿಗೆ ಬಿತ್ತು. ಮೇಲೆ ಕನ್ನಡದಲ್ಲಿ ಹರಿಹರ, ಕೆಳಗೆ ಇಂಗ್ಲಿಷಿನಲ್ಲಿ ಅದೇ ಹೆಸರು. ಎಷ್ಟೋ ವರ್ಷ ಅದರ ಕೆಳಗೇ ಓಡಾಡಿದವನು ಅವತ್ತು ಅದನ್ನು ಕೂಡಿಸಿ ಓದಿದೆ. ಪ್ಲಾಟ್‌ಫಾರಂ ಮೇಲೆ ಜೋರಾಗಿ ಹೇಳಿಬಿಟ್ಟೆ. ಪಕ್ಕದಲ್ಲಿ ಮಂಡಕ್ಕಿ ತಿನ್ನುತ್ತಿದ್ದವರು, "ಹೂಂರಿ, ಇದು ಹರಿಹರಾನೇ" ಎಂದರು.

ಹದಿನಾರನೇ ದಿನ ಬೆಳಿಗ್ಗೆ ನಾನು ಕಿಟಕಿಗೆ ಬಂದು ಕೂತೆ. ಎಂಜಿನಿಯರು ಹಿಂದೆ ನಿಂತರು. ರಾತ್ರಿ ಪಾಳಿ ಮುಗಿಸಿದವರು ಟೂಲು ಕೊಟ್ಟು ಮನೆಗೆ ಹೋಗುವ ಅವಸರದಲ್ಲಿದ್ದರು. ಮೊದಲನೆಯವನ ಟೂಲು ಪಡೆದೆ. ಪ್ರಶ್ನೆ ಬಂತು, ಗಟ್ಟಿಯಾಗಿ ಓದಿದೆ, ಅರ್ಥ ಹೇಳಿದೆ, ಎನ್ ಒತ್ತಿದೆ. ಹೀಗೇ ನಾಲ್ಕು ಜನ. ಐದನೆಯವನು ಹಳೆಯ ಕಟರೊಂದನ್ನು ಕೊಟ್ಟಾಗ ಪರದೆಯ ಮೇಲೆ ಹಿಂದೆಂದೂ ಕಾಣದ ಒಂದು ಉದ್ದ ಪ್ರಶ್ನೆ ಬಂತು. ಓದುತ್ತಾ ಹೋದೆ. ನಡುವೆ ಒಂದು ಪದ ಎಷ್ಟು ಕೂಡಿಸಿದರೂ ಬಗೆಹರಿಯಲಿಲ್ಲ. ಹೊರಗೆ ಯಾರೋ ಬಿಲ್ಲೆಯಿಂದ ಕಿಟಕಿಯ ಕಟ್ಟೆ ಕುಟ್ಟಿದರು, "ಮೇಸ್ತ್ರೀ, ಬಸ್ ಹೋಗ್ತೈತಿ!"

ಎಂಜಿನಿಯರು ಗಡಿಯಾರ ನೋಡಿಕೊಂಡರು. "ಜನ ನಿಂತಿದ್ದಾರೆ. ವೈ ಒತ್ತಿಬಿಡಿ."

ಒತ್ತಬಹುದಿತ್ತು. ಹೇಳಿದವರು ಎಂಜಿನಿಯರು, ತಪ್ಪಾದರೂ ನನ್ನ ತಲೆಗೆ ಬರುತ್ತಿರಲಿಲ್ಲ. ನಾನು ಎರಡೂ ಕೈಯನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

"ಈ ಒಂದು ಪದ ನನಗೆ ಗೊತ್ತಿಲ್ಲ ಸಾರ್. ಗೊತ್ತಾಗೋ ತನಕ ಒತ್ತಂಗಿಲ್ಲ. ಬೇಕಾದ್ರೆ ಪೊರಕೆ ಕೊಡ್ರಿ."

ಎಂಜಿನಿಯರು ಬಗ್ಗಿ ಪ್ರಶ್ನೆಯನ್ನು ಓದಿದರು. ಇನ್ನೊಂದು ಸಲ ಓದಿದರು. "ಇದೇನು ಕೇಳ್ತಾ ಇದೆ?" ಎಂದು ತಮಗೆ ತಾವೇ ಅಂದುಕೊಂಡು ಹುಡುಗಿಯನ್ನು ಕರೆಸಿದರು. ಅವಳು ದಪ್ಪ ಪುಸ್ತಕ ತಂದು ಪುಟ ತಿರುವಿದಳು. ಆ ಜಾತಿಯ ಕಟರಿನ ಪಟ್ಟಿಯನ್ನೇ ಪೂರ್ತಿ ತೆಗೆದುಹಾಕಲೇ ಎಂದು ಅದು ಕೇಳುತ್ತಿತ್ತು. "ವೈ ಒತ್ತಿದ್ರೆ ಎಲ್ಲಾ ಹೋಗಿಬಿಡ್ತಿತ್ತು" ಎಂದಳು. ಎಂಜಿನಿಯರು ನನ್ನ ಭುಜ ಮುಟ್ಟಿ ಹೊರಟುಹೋದರು.

ನಾನು ಎನ್ ಒತ್ತಿದೆ. ಮುಂದಿನ ಪ್ರಶ್ನೆ ಬಂತು. ನಾನು ಮೊದಲ ಅಕ್ಷರದಿಂದ ಶುರುಮಾಡಿದೆ. ಹೊರಗೆ ಮತ್ತೆ ಕಟ್ಟೆ ಕುಟ್ಟುವ ಸದ್ದು, ಗಲಾಟೆ. ಅವಳು ಕಿಟಕಿಗೆ ಹೋಗಿ ತಲೆ ಹೊರಗೆ ಹಾಕಿ ಗದರಿದಳು.

"ಸುಮ್ನಿರ್ರಿ ಒಂದ್ ಗಳಿಗಿ! ಮೇಸ್ತ್ರಿ ಓದಾಕತ್ಯಾರೆ."