ಬಸ್ಸಿನಾಗ ಹಾಸಿದ ಪರಸಿ

ಇವತ್ತ ಮುಂಜಾನಿ ಬಸ್ಸಿನ ಕೆಳಗ ಬಗ್ಗಿ ನೋಡಿ ಎದ್ದಾಗ ಸೆರಗಿಗಿ ಗ್ರೀಸು ಹತ್ತಿತ್ತು. ಸಂಜಿಗಿ ಮನಿಗಿ ಬಂದು ಸಾಬೂನು ಹಚ್ಚಿ ತಿಕ್ಕೀನಿ, ಬಿಸಿನೀರಾಗ ನೆನಸೀನಿ, ವಾಸನಿ ಮಾತ್ರ ಹೋಗವಲ್ದು. ಈಗ ಕಟ್ಟಿ ಮ್ಯಾಲ ಕುಂತು ನಿಮ್ಮ ಜೋಡಿ ಮಾತಾಡ್ಲಿಕತ್ತೀನಿ, ಒಣಗ್ಲಿಕ್ಕೆ ದಂಡಿಗಿ ಹಾಕಿದ ಸೀರಿ ಗಾಳಿಗಿ ಹಾರಿದಾಗೊಮ್ಮೆ ಆ ವಾಸನಿ ಬರ್ತದ. ಮಂದಿ ಹೆಣ್ಮಕ್ಕಳ ಸೆರಗು ಒಗ್ಗರಣಿ ವಾಸನಿ ಹೊಡೀತದ. ನಂದು ಒಗ್ಗರಣಿ ಅರ್ಧ, ಗ್ರೀಸು ಅರ್ಧ. ಖರೇ ಹೇಳ್ಬೇಕಂದ್ರ ಈಗೀಗ ನನಗ ಅದು ಬ್ಯಾಸರಾನೂ ಇಲ್ಲ.

ನಮ್ಮದು ಸೇಡಂ. ಮನಿ ಮುಂದ ಬೇವಿನ ಗಿಡದ ಕೆಳಗ ಒಂದು ಹಳೀ ಬಸ್ಸು ನಿಂತದ. ವಯಸ್ಸಾಯ್ತಂತ ಅದನ್ನ ಹರಾಜಿಗಿ ಇಟ್ಟಾಗ ನಮ್ಮ ಮನಿಯವರು ತಂದ್ರು. ಅವರೂ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರೇ. ರಿಟೈರ್ ಆದ ಎರಡು ಜೀವ ಒಂದೇ ಅಂಗಳದಾಗ ಕಟ್ಟಿಕೊಂಡು ನಾ ಏನು ಮಾಡ್ಲಿ ಅಂತ ಆವತ್ತ ಕೇಳಿದ್ದೆ. ಒಂದಕ್ಕ ಡೀಸೆಲ್ ಹಾಕು, ಒಂದಕ್ಕ ಚಾ ಹಾಕು ಅಂದ್ರು. ಬಾಗಿಲ ಬಲ್ಲಿಂದು ಒಂದು ಬಿಟ್ಟು ಸೀಟೆಲ್ಲಾ ಕಿತ್ತು, ಕಾಗದಪತ್ರ ಸರಿ ಮಾಡಿಸಿ, ಒಲಿ ಕೂಡಿಸಿ ಅದನ್ನ ರೊಟ್ಟಿ ಬಸ್ಸು ಮಾಡಿದ್ವಿ. ವಾಡಿಯಾಗಾಗ್ಲಿ, ಚಿತ್ತಾಪುರದಾಗಾಗ್ಲಿ, ಲಗ್ನ ಇದ್ದಲ್ಲಿ ಹೋಗಿ ಮಂಟಪದ ಬಾಜೂಕ ನಿಂದರ್ತೀವಿ. ಹಂಚಿನ ಮ್ಯಾಲಿನ ರೊಟ್ಟಿ ಬಸ್ಸಿನ ಕಿಡಕಿಯಿಂದ ನೇರ ಊಟದ ಪಂಕ್ತಿಗಿ ಹೋಗ್ತದ.

ಹೆಸರು ಬಂದದ್ದು ಬಸ್ಸಿನಿಂದ ಅಲ್ಲ, ನಮ್ಮ ಅತ್ತಿ ಕೈಯಿಂದ. ಎಪ್ಪತ್ತು ದಾಟಿದ ಮ್ಯಾಲೂ ಅವರು ಬಡಿದ ರೊಟ್ಟಿ ಹಂಚಿನ ಮ್ಯಾಲ ಚೆಂಡಿನಂಗ ಉಬ್ಬತದ. ನಮ್ಮ ಕೈ ಕೆಳಗ ಕೆಲಸಾ ಮಾಡೋ ಹೆಣ್ಮಕ್ಕಳು ಚಲೋನೇ ಬಡೀತಾರ, ನಾನೂ ಬಡೀತೀನಿ, ಆದ್ರ ಲಗ್ನದ ಮನಿಯವರು ಮಾತಾಡ್ಲಿಕ್ಕೆ ಬಂದ್ರ ಮೊದಲು ಕೇಳೋದು, "ಆಯಿ ಬರ್ತಾರಿಲ್ರಿ?" ಅಂತ. ಅತ್ತಿ ಒಳಗಿಂದ ಅದನ್ನ ಕೇಳಿ ಕೇಳದಂಗ ಕುಂದರ್ತಾರ. ಆವತ್ತ ಅವರಿಗಿ ಒಂದು ರೊಟ್ಟಿ ಜಾಸ್ತಿನೇ ಹೋಗ್ತದ.

ಸೀಟು ಕಿತ್ತ ಮ್ಯಾಲ ಬಸ್ಸಿನ ತಳಕ್ಕ ಏನು ಹಾಸೋದು ಅಂತ ಯಾರೂ ಯಾರನ್ನೂ ಕೇಳಲಿಲ್ಲ. ಅದು ಕೇಳೋ ಮಾತೇ ಅಲ್ಲ. ಶಹಾಬಾದಿನಿಂದ ಚಿಂಚೋಳಿ ತನಕ ನೀವು ಯಾವ ಮನಿಗಿ ಬೇಕಾದ್ರ ಹೋಗ್ರಿ, ನೆಲಕ್ಕ ಪರಸಿ ಅನ್ನೋ ಹಾಸುಗಲ್ಲು, ಕಟ್ಟಿಗಿ ಪರಸಿ, ಮಾಳಗಿಗಿ ಪರಸಿ, ದನದ ಕೊಟಗಿಗಿ ಪರಸಿ. ಹೊಲದ ಬದುವಿಗೂ ಪರಸಿ ಕಲ್ಲು ನೆಟ್ಟು ಬೇಲಿ ಮಾಡೋ ಮಂದಿ ನಾವು. ಅತ್ತಿ ಹೇಳಿದ್ದು ಇಷ್ಟೇ: "ತಗಡಿನ ಮ್ಯಾಲ ನಾ ಕುಂದ್ರಂಗಿಲ್ಲ. ಪರಸಿ ಮ್ಯಾಲ ಕುಂತು ಬಡದ ಕೈ ಇವು." ಗೌಂಡಿ ಬಂದ, ಕೆಳಗ ಸಿಮೆಂಟು ಬಳದ, ಇಡೀ ಬಸ್ಸಿಗಿ ನೀಲಿ ಪರಸಿ ಹಾಸಿ ಸಂದಿ ತುಂಬಿ ಹೋದ. ನೋಡ್ಲಿಕ್ಕೆ ಬಂದವರೆಲ್ಲಾ ಚಪ್ಪಲಿ ಬಿಟ್ಟು ಒಳಗ ಹತ್ತಿ, ಕಾಲಿಗಿ ತಂಪಾಗ್ತದ ಅಂತ ಹೊಗಳಿದ್ರು. ಬಸ್ಸು ಅಂದ್ರ ಗಾಲಿ ಮ್ಯಾಲ ಇರ್ತದ ಅನ್ನೋದು ಅಷ್ಟು ಮಂದಿಯೊಳಗ ಒಬ್ಬರ ತಲಿಗೂ ಹೊಳೀಲಿಲ್ಲ. ನಮ್ಮ ಮನಿಯವರಿಗಿ ಸುದ್ದಾ ಹೊಳೀಲಿಲ್ಲ, ಅದೇ ನನಗ ಇನ್ನೂ ಆಶ್ಚರ್ಯ.

ಯಾಕಂದ್ರ ಅವರು ಬಸ್ಸು ನೋಡೋ ಪದ್ಧತಿ ನೀವು ಒಮ್ಮೆ ನೋಡಬೇಕು. ಮಲಗೋಕಿನ ಮೊದಲು ಇಂಜಿನ್ ಕೆಳಗ ಒಂದು ಖಾಲಿ ಸಿಮೆಂಟ್ ಚೀಲ ಹರವಿ ಇಡ್ತಾರ. ಬೆಳಕು ಹರೀತಂದ್ರ ಮುಖಾ ತೊಳೆಯೋಕಿನ ಮೊದಲು ಆ ಚೀಲ ನೋಡ್ತಾರ. ಕರೀ ಹನಿ ಬಿದ್ದಿದ್ರ ಇಂಜಿನ್ ಆಯಿಲ್, ನೀರಿನ ಹನಿ ಇದ್ರ ರೇಡಿಯೇಟರ್, ಏನೂ ಇಲ್ಲಂದ್ರ ಮುಖದ ಮ್ಯಾಲ ನಗಿ. ಇಂಜಿನ್ ತಣ್ಣಗಿದ್ದಾಗಲೇ ಆಯಿಲ್ ಕಡ್ಡಿ ಎಳದು, ಚಿಂದಿಲೆ ಒರಸಿ, ಮತ್ತ ಅದ್ದಿ, ಎರಡು ಗೆರಿ ನಡುವ ಆಯಿಲ್ ಅದ ಇಲ್ಲ ನೋಡೋದು. ರೇಡಿಯೇಟರ್ ಮುಚ್ಚಳ ತೆಗದು ನೀರು ನೋಡೋದು. ಫ್ಯಾನ್ ಬೆಲ್ಟು ಹೆಬ್ಬಟ್ಟಿಲೆ ಒತ್ತೋದು. ಗಾಲಿಗಿ ಕಬ್ಬಿಣದ ರಾಡಿಲೆ ಬಡದು ಸಪ್ಪಳ ಕೇಳೋದು, ಟಣ್ ಅಂದ್ರ ಹವಾ ಅದ, ಧಪ್ ಅಂದ್ರ ಇಲ್ಲ. ನಟ್ಟು ಒಂದೊಂದೂ ಮುಟ್ಟಿ ನೋಡೋದು. ಬ್ರೇಕಿನ ಹವಾ ಟಾಕಿಯೊಳಗ ಕೂಡಿದ ನೀರು ಬಿಡೋದು. ಅದು ಬುಸ್ ಅಂದ್ರ ಅಂಗಳದ ಬೆಕ್ಕು ಒಂದೇ ಜಿಗಿತಕ್ಕ ಮಾಳಗಿ ಮ್ಯಾಲ. ನನ್ನ ನೋಡ್ಲಿಕ್ಕೆ ಬಂದಾಗ ಇಷ್ಟು ನೋಡಿದ್ದಿಲ್ಲಲ್ಲ ನೀವು ಅಂತ ನಾ ಛೇಡಿಸ್ತಿದ್ದೆ. "ನೀ ಆಗ ಹೊಸಾಕಿ ಇದ್ದಿ. ಇದು ಹಳೀದು, ನೋಡಬೇಕಾಗ್ತದ" ಅಂದ್ರು. ಆ ಮಾತಿಗಿ ನಗಬೇಕೋ ಸಿಟ್ಟಾಗಬೇಕೋ ಇನ್ನೂ ನನಗ ತಿಳಿದಿಲ್ಲ.

ಎಲ್ಲಾ ಮುಗಿದ ಮ್ಯಾಲ ದೂರ ಹೋಗಿ ಬಸ್ಸಿನ ಹಿಂದ ನಿಂತು ಒಮ್ಮೆ ಸುಮ್ಮನ ನೋಡ್ತಾರ. ಕಾಳಗಿಯ ಒಂದು ಲಗ್ನ ಮುಗಿಸಿ ಬಂದ ಮರುದಿನ ಹಿಂಗೇ ನಿಂತವರು ಭಾಳ ಹೊತ್ತು ಸರೀಲೇ ಇಲ್ಲ. ನಾ ಚಾ ತೊಗೊಂಡು ಹೋದೆ. "ನೋಡು, ಎಡಗಡಿ ಹೆಗಲು ಇಳದದ" ಅಂದ್ರು. ನನಗೂ ಕಂಡಿತು. ಬಸ್ಸು ಒಂದು ಕಡಿ ವಾಲಿ ನಿಂತಿತ್ತು. ಕೆಳಗ ತೆವಳಿಕೊಂಡು ಹೋಗಿ ನೋಡಿದ್ರ ಹಿಂದಿನ ಗಾಲಿಯ ಪಾಟಾ ಸೀಳಿತ್ತು. ಪಾಟಾ ಅಂದ್ರ ಬಸ್ಸಿನ ಭಾರಾನೆಲ್ಲಾ ಗಾಲಿ ಮ್ಯಾಲ ಹೊತ್ತು ನಿಂದರೋ ಉಕ್ಕಿನ ಪಟ್ಟಿಗಳು.

ಗಾಡಿ ರಿಪೇರಿ ಮಾಡೋ ಮಿಸ್ತ್ರಿ ಖಾಜಾಮಿಯಾ ಬಂದ. ಕೆಳಗ ಹೊಕ್ಕು ನೋಡಿದ, ಎದ್ದು ಬಸ್ಸಿನೊಳಗ ಹತ್ತಿದ, ನೆಲಾ ನೋಡಿ ಬಾಗಿಲದಾಗೇ ಕುಂತುಬಿಟ್ಟ. ನಕ್ಕು ನಕ್ಕು ಅವನ ಕಣ್ಣಾಗ ನೀರು ಬಂತು.

"ಅಣ್ಣಾ, ಮಂದಿ ತುಂಬಿದ್ರ ಅವರವರ ಊರು ಬಂದಾಗ ಇಳೀತಾರ. ಈ ಕಲ್ಲು ಯಾವ ಊರಾಗ ಇಳೀಬೇಕು?"

ಅವನ ನಗಿ ನಿಂತ ಮ್ಯಾಲ ಹೇಳಿದ್ದು ಮಾತ್ರ ನಗೋ ಮಾತಲ್ಲ. ಹೊಸಾ ಪಾಟಾ ಹಾಕಬಹುದು, ಆದ್ರ ಪರಸಿ ತೆಗೀಲೇಬೇಕು. ಇಷ್ಟು ಭಾರ ಹೊತ್ತು ಇಳಿಜಾರು ಇಳದ್ರ ಬ್ರೇಕು ಹಿಡಿಯೋದು ಕಷ್ಟ ಅಂದ. ನಮ್ಮ ಮನಿಯವರು ತಲಿ ಅಲ್ಲಾಡಿಸಿದ್ರು. ಅವ್ವಗ ಹೇಳೋವ್ರು ಯಾರು ಅನ್ನೋದು ಅವರ ಮಾರಿ ಮ್ಯಾಲೇ ಬರದಿತ್ತು.

ಹೇಳಲೇ ಇಲ್ಲ. ನಿಂತ ಬಸ್ಸಿಗಿ ದಿನಾ ಮುಂಜಾನಿ ಆಯಿಲ್ ನೋಡಿದ್ರು, ಬೆಲ್ಟು ಒತ್ತಿದ್ರು, ಗಾಲಿ ಬಡದ್ರು. ಅವ್ವನ ಮುಂದ ಹೋಗಿ ನಿಂದರೋದು ಒಂದು ಬಿಟ್ಟು ಎಲ್ಲಾ ಮಾಡಿದ್ರು. ಕಡಿಗಿ ಅತ್ತಿನೇ ಅವರನ್ನ ಕರದ್ರು. ನಾ ಜೋಳ ಹಸನ ಮಾಡ್ಕೋತ ಅಲ್ಲೇ ಕುಂತಿದ್ದೆ.

"ಮಿಸ್ತ್ರಿ ನಕ್ಕದ್ದು ನನಗ ಕೇಳಿಸ್ಯದ ಶರಣಪ್ಪ. ಇವತ್ತ ಕಲ್ಲು ತೆಗೀತಿ. ನಾಳಿ ನನ್ನ ಇಳಸ್ತಿ."

"ಯವ್ವಾ, ಹಂಗಲ್ಲ…"

"ಮತ್ತ ಹೆಂಗ? ನಿಂತು ರೊಟ್ಟಿ ಬಡೀಲಿಕ್ಕೆ ನನಗ ಬರಂಗಿಲ್ಲ. ತಗಡಿನ ಮ್ಯಾಲ ಕುಂತ್ರ ಮೊಳಕಾಲು ಉರೀತಾವ. ಕುಂದರ್ಲಿಕ್ಕೆ ಜಾಗಾನೇ ಇಲ್ಲಂದ ಮ್ಯಾಲ ನಾ ಬಂದು ಏನು ಮಾಡ್ಲಿ? ಮನಿ ಕಾಯ್ಕೋತ ಕುಂದರ್ತೀನಿ, ಹೋಗ್ರಿ."

ನಮ್ಮ ಮನಿಯವರು ಹೊರಗ ಹೋದ್ರು. ಮಾವನವರು ಹೋದ ಮ್ಯಾಲ ಅತ್ತಿ ವರ್ಷಾನುಗಟ್ಟಲೆ ಕೋಣಿ ಬಿಟ್ಟು ಹೊರಗ ಬಂದಿದ್ದಿಲ್ಲ. ಈ ಬಸ್ಸು ಬಂದ ಮ್ಯಾಲ ಮತ್ತ ಗಟ್ಟಿ ದನಿಲೆ ಬೈಲಿಕ್ಕೆ ಹತ್ತಿದ್ರು, ನಗಲಿಕ್ಕೆ ಹತ್ತಿದ್ರು. ಅವರು ಇಲ್ಲದ ಬಸ್ಸು ನನಗ ಬೇಕಾಗಿದ್ದಿಲ್ಲ. ಆದ್ರ ಸೀಳಿದ ಪಾಟಾದ ಮ್ಯಾಲ ಅವರನ್ನ ಕೂಡಿಸಿಕೊಂಡು ಹೋಗೋದೂ ಬೇಕಾಗಿದ್ದಿಲ್ಲ.

ಮರುದಿನ ಮುಂಜಾನಿ ಅತ್ತಿ ಕೈ ಹಿಡಕೊಂಡು ಬಸ್ಸಿನ ಹಿಂದಕ್ಕ ಕರಕೊಂಡು ಹೋದೆ. ಗಾಲಿ ಬಲ್ಲಿ ಚಾಪಿ ಹಾಸಿ ಕೂಡಿಸಿ, ಕೈ ಬ್ಯಾಟರಿ ಬೆಳಕು ಬಿಟ್ಟು ಆ ಸೀಳು ತೋರಿಸಿದೆ. ಅತ್ತಿ ಬಗ್ಗಿ ಅದರ ಮ್ಯಾಲ ಬೆರಳು ಆಡಿಸಿದ್ರು. ಬೆರಳಿಗಿ ಗ್ರೀಸು ಹತ್ತಿತು. ಅದನ್ನ ನೋಡ್ಕೋತ ಕೇಳಿದ್ರು, "ಇದು ಮುರದ್ರ ಬಸ್ಸು ಬೀಳ್ತದೇನು?"

"ಹೌದ್ರಿ ಅತ್ತಿ. ಬೀಳಬಹುದು."

"ಬಸ್ಸು ಹೊಡಿಯೋನು ನನ್ನ ಮಗಾ ಅಲ್ಲೇನು?" ಅಂದ್ರು. ಗಾಲಿ ಹಿಡಕೊಂಡು ಎದ್ದು ನಿಂತು, ಅಂಗಳದಾಗಿದ್ದ ಮಗನ ಕಡಿ ಗಟ್ಟಿಯಾಗಿ ಹೇಳಿದ್ರು, "ಎಲ್ಲಾ ತೆಗೀರಿ. ನಾ ಕುಂದರೋ ಕಲ್ಲು ಒಂದು ಬಿಡ್ರಿ."

ಖಾಜಾಮಿಯಾ ಅದಕ್ಕ ಒಪ್ಪಿದ. ಆದ್ರ ಹಿಂದ ಬ್ಯಾಡ, ಅಲ್ಲಿ ಒಲಿ, ನೀರಿನ ಟಾಕಿ ಎಲ್ಲಾ ಅದಾವ, ಮುಂದ ಡ್ರೈವರ್ ಬೆನ್ನ ಹಿಂದ ಹಾಕ್ರಿ ಅಂದ. ಗೌಂಡಿ ಹಾಸಿದ್ದನ್ನ ಕಿತ್ತು ತೆಗದು, ಒಂದೇ ಒಂದು ಪರಸಿ ಮುಂದ ತಂದು ಸುತ್ತ ಪಟ್ಟಿ ಕೂಡಿಸಿ ಬಿಗಿದ್ವಿ. ಹೊಸಾ ಪಾಟಾ ಬಂತು. ಬಸ್ಸು ಎರಡೂ ಹೆಗಲು ಸರಿ ಮಾಡಿ ನಿಂತಿತು. ಕಿತ್ತ ಪರಸಿಯೆಲ್ಲಾ ಈಗ ನಮ್ಮ ಬಚ್ಚಲದಾಗ ಅದಾವ.

ಆಮ್ಯಾಲ ಒಂದು ಸಲ ಚಿಂಚೋಳಿ ಕಡಿ ಹೊಂಟಿದ್ವಿ. ಅತ್ತಿ ತಮ್ಮ ಕಲ್ಲಿನ ಮ್ಯಾಲ ಕುಂತವರು ಒಮ್ಮಿಂದೊಮ್ಮೆಲೆ, "ಶರಣಪ್ಪ, ನಿಂದ್ರಸು. ಕೆಳಗ ಏನೋ ಬಡೀಲಿಕತ್ತದ" ಅಂದ್ರು. ಇವರಿಗಿ ಏನೂ ಕೇಳಿಸಿದ್ದಿಲ್ಲ, ನನಗೂ ಇಲ್ಲ. "ಕಿವಿಗಲ್ಲೋ, ನನ್ನ ಕಾಲಿಗಿ ತಿಳೀಲಿಕತ್ತದ" ಅಂದ್ರು. ಇಳದು ನೋಡಿದ್ರ, ಇಂಜಿನ್ನಿಂದ ಹಿಂದಿನ ಗಾಲಿಗಿ ಹೋಗೋ ಉದ್ದನ ರಾಡಿನ ಜಾಯಿಂಟಿನಾಗ ಬೋಲ್ಟು ಸಡಲಾಗಿತ್ತು. ಇವರು ಅಲ್ಲೇ ಬಿಗದು ಮ್ಯಾಲ ಬಂದ್ರು. ಅವತ್ತಿನಿಂದ ಮುಂಜಾನಿ ಪದ್ಧತಿಗಿ ಒಂದು ಕೆಲಸಾ ಕೂಡಿತು. ಎಲ್ಲಾ ನೋಡಿ ಇಂಜಿನ್ ಚಾಲೂ ಮಾಡಿದ ಮ್ಯಾಲ ಅತ್ತಿ ಹೋಗಿ ತಮ್ಮ ಪರಸಿ ಮ್ಯಾಲ ಕುಂತು, ಅಂಗೈ ಊರಿ, ಹೂಂ ಅನ್ನಬೇಕು. ಅವರು ಹೂಂ ಅನ್ನೋ ತನಕ ಬಸ್ಸು ಅಂಗಳಾ ಬಿಡಂಗಿಲ್ಲ. ಒಮ್ಮೊಮ್ಮೆ ಮಗನ ಮ್ಯಾಲ ಸಿಟ್ಟಿದ್ರ ಬೇಕಂತಲೇ ತಡಾ ಮಾಡ್ತಾರ.

ಇವತ್ತ ಗುಂಡಗುರ್ತಿಯಾಗ ಲಗ್ನ ಇತ್ತು. ಇವರಿಗಿ ನಡಾ ಹಿಡದದ, ಅದಕ್ಕ ಈಗೀಗ ಕೆಳಗ ಬಗ್ಗಿ ನೋಡೋದು ನನ್ನ ಪಾಲಿಗಿ ಬಂದದ. ಪಾಟಾ ನೋಡಿ, ಸೆರಗಿಗಿ ಗ್ರೀಸು ಹಚ್ಚಿಕೊಂಡು ಬಸ್ಸು ಹತ್ತಿದೆ. ಅತ್ತಿ ಕುಂತಿದ್ದಿಲ್ಲ, ಕಂಬಿ ಹಿಡಕೊಂಡು ನಿಂತಿದ್ರು.

"ಇವತ್ತ ನೀ ಕುಂದ್ರು."

"ಯಾಕ್ರಿ ಅತ್ತಿ, ಆರಾಮ ಇಲ್ಲೇನು?"

"ಆರಾಮ ಇದ್ದೀನಿ. ನೀ ಕಲೀಬೇಕಲ್ಲ. ರೊಟ್ಟಿ ಬಡಿಯೋ ಹೊತ್ತಿಗಿ ಮಾತ್ರ ನನ್ನ ಜಾಗಾ ನನಗ ಬಿಡು."

ಕುಂತೆ. ಅಂಗೈ ಊರಿದೆ. ನನಗ ಹೆದರಿಕಿನೇ ಬಂತು, ಸುಳ್ಳು ಯಾಕ ಹೇಳ್ಲಿ. ಏನು ಅಂತದ ಅಂತ ಅತ್ತಿ ಕೇಳಿದ್ರು. ಒಂದೇ ಸಮ ಗುರ್ ಅನ್ನಲಿಕತ್ತದ, ಬ್ಯಾರೆ ಏನೂ ಇಲ್ಲ ಅಂದೆ. "ಮತ್ತ ಹೂಂ ಅನ್ನು. ಅವ ಎಷ್ಟು ಹೊತ್ತು ಕಾಯ್ಬೇಕು?" ಅಂದ್ರು. ನಾ ಹೂಂ ಅಂದೆ. ಇವರು ಮ್ಯಾಲಿನ ಕನ್ನಡಿಯಾಗ ಅವ್ವನ್ನ ಒಮ್ಮೆ ನೋಡಿ ಗೇರು ಹಾಕಿದ್ರು.

ಅತ್ತಿ ಹೋಗಿ ಬಾಗಿಲ ಬಲ್ಲಿ ಉಳಿದಿರೋ ಒಂದೇ ಸೀಟಿನ ಮ್ಯಾಲ, ಕಿಡಕಿಗಿ ಕುಂತ್ರು. ಇಷ್ಟು ವರ್ಷ ಈ ಬಸ್ಸಿನಾಗ ಊರೂರು ತಿರುಗಿದವರು ನೆಲಕ್ಕೇ ಕುಂತಿದ್ರು. ನೆಲಕ್ಕ ಕುಂತವರಿಗಿ ಕಿಡಕಿಯಿಂದ ಏನೂ ಕಾಣಂಗಿಲ್ಲ ಅನ್ನೋದು ನನಗ ಕುಂತ ಮ್ಯಾಲೇ ತಿಳೀತು. ಊರು ದಾಟಿತು. ಗಾಳಿಗಿ ಅತ್ತಿ ತಲಿ ಮ್ಯಾಲಿನ ಸೆರಗು ಜಾರಿತು, ಅವರು ಸರಿ ಮಾಡಿಕೊಳ್ಳಲಿಲ್ಲ. ಎರಡೂ ಕೈಲೆ ಕಿಡಕಿ ಸರಳು ಹಿಡಕೊಂಡು ಹೊರಗೇ ನೋಡ್ಲಿಕತ್ತಿದ್ರು.

"ಶರಣಪ್ಪ," ಅಂದ್ರು, "ಸಾವಕಾಶ ಹೊಡಿ. ತೊಗರಿ ಹೂವಾಗ್ಯದ. ನಾ ನೋಡ್ಲಿಕತ್ತೀನಿ."